ಗ್ರೇಡು ಇಳಿಸುವ ಮೊದಲು ಗ್ರೇಡಿಗೆ ಅರ್ಥ ಕೊಡಿ

ಪ್ರಶ್ನೆ: ಮೇಡಂ, ನಾನು ಒಂದು ವಿಶ್ವವಿದ್ಯಾಲಯದಲ್ಲಿ ಆರು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಮ್ಮ ಕೆಲವು ವಿಭಾಗಗಳಲ್ಲಿ ನೂರಕ್ಕೆ ಎಪ್ಪತ್ತು ಮಂದಿಗೆ ‘ಎ’ ಬರುತ್ತದೆ. ಪಕ್ಕದ ವಿಭಾಗದಲ್ಲಿ ‘ಎ’ ಸಿಗುವುದೇ ಅಪರೂಪ. ‘ನನಗೆ ಬಿ ಯಾಕೆ ಬಂತು’ ಎಂದು ವಿದ್ಯಾರ್ಥಿ ಕೇಳಿದರೆ ಸರಿಯಾದ ಉತ್ತರ ಕೊಡಲು ನಮ್ಮಲ್ಲೇ ಅನೇಕರಿಗೆ ಆಗುವುದಿಲ್ಲ. ಈಗ ಇದಕ್ಕೊಂದು ಸಮಿತಿ ಮಾಡಿ ನನ್ನನ್ನೂ ಹಾಕಿದ್ದಾರೆ. ‘ಎ’ಗೆ ಮಿತಿ ಹಾಕಿಬಿಡೋಣ, ಶೇ 35ಕ್ಕಿಂತ ಹೆಚ್ಚು ಕೊಡುವುದು ಬೇಡ ಎಂದು ಹಿರಿಯರು ಹೇಳುತ್ತಾರೆ. ಎಲ್ಲ ಕೋರ್ಸಿನ ಗ್ರೇಡುಗಳ ಲೆಕ್ಕವನ್ನೂ ಬಹಿರಂಗ ಮಾಡೋಣ ಎಂದು ಇನ್ನು ಕೆಲವರು. ಸಮಿತಿಯಲ್ಲಿ ನಾನೇ ಕಿರಿಯ, ಕೆಲಸವೂ ಇನ್ನೂ ಕಾಯಂ ಆಗಿಲ್ಲ. ನಾನು ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಗತಿ ಕಲೆತುಹೋಗಿವೆ. ‘ಎ’ ಜಾಸ್ತಿಯಾಗಿದೆ ಎನ್ನುವುದು ಒಂದು. ‘ಬಿ’ ಯಾಕೆ ಬಂತು ಎಂದು ಹೇಳಲು ಆಗುತ್ತಿಲ್ಲ ಎನ್ನುವುದು ಇನ್ನೊಂದು. ಸಮಿತಿಗಳು ಯಾವಾಗಲೂ ಮೊದಲನೆಯದಕ್ಕೇ ಕೈ ಹಾಕುತ್ತವೆ. ಅದನ್ನು ಎಣಿಸುವುದು ಸುಲಭ, ಅದಕ್ಕೆ. ನಾನು ಇಪ್ಪತ್ತೆರಡು ವರ್ಷ ಪರೀಕ್ಷೆ, ಮೌಲ್ಯಮಾಪನದ ಕೆಲಸದಲ್ಲೇ ಇದ್ದವಳು. ಎರಡನೆಯದನ್ನು ಹಾಗೇ ಬಿಟ್ಟು ಮೊದಲನೆಯದನ್ನು ಮಾತ್ರ ಸರಿಮಾಡಲು ಹೋದ ಕಡೆ ಆ ಸರಿಪಡಿಕೆ ಬಾಳಿದ್ದನ್ನು ನಾನಂತೂ ಕಂಡಿಲ್ಲ.

ಮೊದಲು ಆ ಮೂವತ್ತೈದರ ವಿಷಯ ಮುಗಿಸೋಣ. ಈ ಸಂಖ್ಯೆ ನಿಮ್ಮ ಹಿರಿಯರಿಗೆ ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಇದನ್ನೇ ಮಾಡಿತು. ಪದವಿ ಕೋರ್ಸುಗಳಲ್ಲಿ ಎ ಪ್ಲಸ್, ಎ, ಎ ಮೈನಸ್ ಮೂರೂ ಸೇರಿ ಶೇ 35 ದಾಟಬಾರದು ಎಂಬ ಗುರಿ ಇಟ್ಟಿತು. ಗಮನಿಸಿ, ಅದು ಒಂದೊಂದು ತರಗತಿಗೆ ಹಾಕಿದ ಕೋಟಾ ಆಗಿರಲಿಲ್ಲ. ವಿಭಾಗದ ಒಟ್ಟು ಲೆಕ್ಕಕ್ಕೆ ಇಟ್ಟ ಗುರಿ. ಆದರೂ ವಿದ್ಯಾರ್ಥಿಗಳ ತಲೆಯಲ್ಲಿ ಅದು ಕೋಟಾ ಆಗಿಯೇ ಕೂತಿತು. ಪಕ್ಕದವಳಿಗೆ ‘ಎ’ ಬಂದರೆ ನನ್ನ ಪಾಲಿನದು ಒಂದು ಹೋಯಿತು ಎಂಬ ಲೆಕ್ಕಾಚಾರ ಶುರುವಾದ ಮೇಲೆ ಯಾರು ಯಾರಿಗೆ ನೋಟ್ಸ್ ಕೊಡುತ್ತಾರೆ ಹೇಳಿ? ಹತ್ತು ವರ್ಷ ನೋಡಿ 2014ರಲ್ಲಿ ಅವರೇ ಆ ಸಂಖ್ಯೆಯನ್ನು ಕೈಬಿಟ್ಟರು.

ಅದೇ 2004ರಲ್ಲಿ ಅಮೆರಿಕದ್ದೇ ಆದ ವೆಲ್ಸ್ಲಿ ಮಹಿಳಾ ಕಾಲೇಜು ಇನ್ನೊಂದು ದಾರಿ ಹಿಡಿಯಿತು. ಹತ್ತು ಅಥವಾ ಹೆಚ್ಚು ಮಂದಿ ಇರುವ ಆರಂಭದ ಮತ್ತು ನಡುವಿನ ಹಂತದ ಕೋರ್ಸುಗಳಲ್ಲಿ ತರಗತಿಯ ಸರಾಸರಿ ಬಿ ಪ್ಲಸ್ ದಾಟಬಾರದು, ಅಂದರೆ 4ಕ್ಕೆ 3.33. ಇದರ ಫಲಿತಾಂಶವನ್ನು ಅದೇ ಕಾಲೇಜಿನ ಮೂವರು ಅರ್ಥಶಾಸ್ತ್ರದ ಅಧ್ಯಾಪಕರು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದರು. ನಿಮ್ಮ ಸಮಿತಿಯವರೆಲ್ಲ ಓದಲೇಬೇಕಾದ ಪ್ರಬಂಧ ಅದು. ವಿಜ್ಞಾನ ವಿಭಾಗಗಳಲ್ಲಿ ಗ್ರೇಡು ಮೊದಲಿನಿಂದಲೂ ಬಿಗಿಯಾಗಿಯೇ ಇತ್ತು, ಅಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಕೈಬಿಚ್ಚಿ ಕೊಡುತ್ತಿದ್ದ ವಿಭಾಗಗಳಲ್ಲಿ ಗ್ರೇಡು ಇಳಿಯಿತು. ಅದರ ಹಿಂದೆಯೇ ಆ ವಿಭಾಗಗಳನ್ನು ಆರಿಸಿಕೊಳ್ಳುವವರೂ ಕಡಿಮೆಯಾದರು. ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಡುವ ಅಂಕವೂ ಇಳಿಯಿತು. ಪಾಠ ಮಾಡುವವರು ಅವರೇ, ಪಾಠವೂ ಅದೇ. ಕಪ್ಪು ವಿದ್ಯಾರ್ಥಿನಿಯರ ಗ್ರೇಡು ಉಳಿದವರಿಗಿಂತ ಜಾಸ್ತಿ ಇಳಿಯಿತು ಎಂಬುದನ್ನೂ ಆ ಅಧ್ಯಯನ ತೋರಿಸಿತು. 2019ರಲ್ಲಿ ಆ ನಿಯಮವೂ ಹೋಯಿತು.

ಹಾಗಾಗಿ, ಮಿತಿ ಹಾಕಿದರೆ ‘ಎ’ ಕಡಿಮೆ ಆಗುತ್ತದೆಯೇ ಎಂದರೆ ಖಂಡಿತ ಆಗುತ್ತದೆ. ಅದನ್ನು ಅಲ್ಲಗಳೆಯಲು ಹೋಗಬೇಡಿ, ಸಭೆಯಲ್ಲಿ ಸೋಲುತ್ತೀರಿ. ಆದರೆ ಉಳಿದ ‘ಎ’ಗಳು ಸರಿಯಾದವರಿಗೇ ಸಿಕ್ಕವೇ ಎಂಬುದಕ್ಕೆ ಮಿತಿಯಲ್ಲಿ ಉತ್ತರವಿಲ್ಲ. ಹನ್ನೆರಡು ಜನರ ತರಗತಿ ಇಟ್ಟುಕೊಳ್ಳಿ. ಶೇ 35 ಎಂದರೆ 4.2. ನಾಲ್ವರಿಗೆ ‘ಎ’. ಐದನೆಯವನ ಉತ್ತರ ನಾಲ್ಕನೆಯವನಷ್ಟೇ ಚೆನ್ನಾಗಿದ್ದರೆ? ಅವನು ಮಾಡಿದ ತಪ್ಪು ಏನು? ಅವನು ಬಂದು ‘ಯಾಕೆ ಬಿ’ ಎಂದು ಕೇಳಿದರೆ ನೀವು ಹೇಳಬೇಕಾದ ನಿಜವಾದ ಉತ್ತರ ‘ಜಾಗ ಇರಲಿಲ್ಲ ಕಣಪ್ಪಾ’ ಎಂದು. ಎರಡನೆಯ ಕಾಯಿಲೆ ಇನ್ನಷ್ಟು ಉಲ್ಬಣಿಸಿತು, ಅಲ್ವಾ?

ಇನ್ನು ‘ಎ’ ಜಾಸ್ತಿಯಾದರೆ ನಷ್ಟವೇನು ಎಂದು ಕೇಳುವವರೂ ಸಮಿತಿಯಲ್ಲಿ ಇರುತ್ತಾರೆ. ಮಕ್ಕಳು ಮೊದಲಿಗಿಂತ ಜಾಣರಾಗಿದ್ದಾರೆ, ಪ್ರವೇಶದ ಮಟ್ಟ ಏರಿದೆ, ಅದಕ್ಕೆ ಗ್ರೇಡೂ ಏರಿದೆ ಎನ್ನುತ್ತಾರೆ. ಅರ್ಧ ನಿಜ ಇರಬಹುದು. ಹಾರ್ವರ್ಡ್‌ ನೋಡಿ. ಅಲ್ಲಿ ಅತಿ ಹೆಚ್ಚು ಕೊಡುವ ಗ್ರೇಡು ‘ಎ’, ನಡುಮಧ್ಯದ ಗ್ರೇಡು ಎ ಮೈನಸ್ ಎಂದು 2013ರಲ್ಲಿ ಅಧ್ಯಾಪಕರ ಸಭೆಯಲ್ಲೇ ಒಪ್ಪಿಕೊಳ್ಳಬೇಕಾಯಿತು. 2025ರಲ್ಲಿ ಅವರದೇ ವರದಿ ಹೊರಬಂದಾಗ ಪದವಿ ತರಗತಿಗಳ ಗ್ರೇಡುಗಳಲ್ಲಿ ಶೇ 60ರಷ್ಟು ‘ಎ’ ಆಗಿದ್ದವು. ಇಪ್ಪತ್ತು ವರ್ಷದ ಹಿಂದೆ ಇದು ಸುಮಾರು ಕಾಲುಭಾಗ ಮಾತ್ರ. ಇಪ್ಪತ್ತು ವರ್ಷದ ಹಿಂದೆಯೂ ಅಲ್ಲಿಗೆ ಸೇರುತ್ತಿದ್ದವರು ದಡ್ಡರೇನಲ್ಲ.

ನನ್ನ ಲೆಕ್ಕದಲ್ಲಿ ನಿಜವಾದ ನಷ್ಟ ಬೇರೆ ಕಡೆ ಇದೆ. ಎಲ್ಲರೂ ಮೇಲಿನ ಮೆಟ್ಟಿಲಲ್ಲೇ ನಿಂತರೆ ಗ್ರೇಡಿಗೆ ಹೊಗಳುವ ಶಕ್ತಿ ಹೋಗುತ್ತದೆ, ಬಯ್ಯುವ ಶಕ್ತಿ ಮಾತ್ರ ಉಳಿಯುತ್ತದೆ. ಅದ್ಭುತವಾಗಿ ಬರೆದವಳಿಗೂ ‘ಎ’, ಪರವಾಗಿಲ್ಲ ಎನ್ನುವಂತೆ ಬರೆದವನಿಗೂ ‘ಎ’. ಆದರೆ ಎಲ್ಲೋ ಒಂದು ‘ಬಿ’ ಬಂದರೆ ಇಡೀ ಅಂಕಪಟ್ಟಿಗೆ ಕಲೆ ಬಿದ್ದ ಹಾಗೆ. ಹೀಗಾದಾಗ ವಿದ್ಯಾರ್ಥಿ ಕಷ್ಟದ ಕೋರ್ಸಿನ ಹತ್ತಿರವೇ ಸುಳಿಯುವುದಿಲ್ಲ. ಸುಲಭವಾಗಿ ಗ್ರೇಡು ಸಿಕ್ಕರೆ ಮಕ್ಕಳು ನೆಮ್ಮದಿಯಿಂದ ಓದುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಅರ್ಧ ಅಂಕಕ್ಕೆ ಕಣ್ಣೀರು ಹಾಕುವವರನ್ನು ನಾನು ಹೆಚ್ಚು ನೋಡಿದ್ದು ಧಾರಾಳವಾಗಿ ಗ್ರೇಡು ಕೊಡುವ ವಿಭಾಗಗಳಲ್ಲೇ.

ಗ್ರೇಡು ಏರಲು ಕಾರಣ ಅಧ್ಯಾಪಕರ ಮೆದು ಮನಸ್ಸು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ನಿಮ್ಮ ವಿಶ್ವವಿದ್ಯಾಲಯ ಅಂತಿಮ ಗ್ರೇಡನ್ನು ಹೇಗೆ ಕೂಡಿ ಕಳೆಯುತ್ತದೆ ಎಂದು ಮೊದಲು ನೋಡಿ. ಬ್ರಿಟನ್ನಿನಲ್ಲಿ ಇದರಿಂದ ದೊಡ್ಡ ಪಾಠ ಕಲಿತರು. ಇಂಗ್ಲೆಂಡಿನಲ್ಲಿ 2010-11ರಲ್ಲಿ ಪ್ರಥಮ ದರ್ಜೆ, ಅಂದರೆ ಅಲ್ಲಿನ ಅತಿ ಮೇಲಿನ ದರ್ಜೆ, ಪಡೆದವರು ಸುಮಾರು ಶೇ 16. 2020-21ರ ಹೊತ್ತಿಗೆ ಶೇ 37ರ ಮೇಲೆ ಹೋಯಿತು. ಕೋವಿಡ್ ಕಾಲದ ರಿಯಾಯಿತಿಗಳು ನಿಂತ ಮೇಲೆ ಸ್ವಲ್ಪ ಇಳಿಯಿತು, ಅಷ್ಟೆ. ವಿಚಿತ್ರ ಏನೆಂದರೆ, ಅಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಹೊರಗಿನ ಪರೀಕ್ಷಕರನ್ನು ಕರೆಸಿ ಗ್ರೇಡು ಪರಿಶೀಲಿಸುವ ಪದ್ಧತಿ ಮೊದಲಿನಿಂದಲೂ ಇದೆ. ಆ ಕಾವಲು ಇದ್ದೂ ಇಷ್ಟು ಏರಿತು. ಅಲ್ಲಿನ ನಿಯಂತ್ರಣ ಸಂಸ್ಥೆ ಎತ್ತಿದ ಪ್ರಶ್ನೆಗಳಲ್ಲಿ ಒಂದು, ಅಂಕಗಳಿಂದ ದರ್ಜೆ ಲೆಕ್ಕ ಹಾಕುವ ಸೂತ್ರದ ಬಗ್ಗೆ. ಕೆಲವು ಕಡೆ ಅತಿ ಕಡಿಮೆ ಬಂದ ಅಂಕಗಳನ್ನು ಲೆಕ್ಕದಿಂದ ಬಿಟ್ಟುಬಿಡುತ್ತಿದ್ದರು. ಕೆಲವು ಕಡೆ ಎರಡು ಮೂರು ಸೂತ್ರದಲ್ಲಿ ಲೆಕ್ಕ ಹಾಕಿ ಯಾವುದರಲ್ಲಿ ಹೆಚ್ಚು ಬರುತ್ತದೋ ಅದನ್ನು ಕೊಡುತ್ತಿದ್ದರು. ಒಬ್ಬ ಅಧ್ಯಾಪಕನೂ ಒಂದು ಅಂಕವನ್ನೂ ಹೆಚ್ಚು ಕೊಡದೆ ದರ್ಜೆ ಮಾತ್ರ ಏರಬಹುದು.

ಆದ್ದರಿಂದ ಸಮಿತಿಯ ಮೊದಲ ಕೆಲಸವಾಗಿ ಇದನ್ನು ಕೇಳಿ: ಕಳೆದ ಐದು ವರ್ಷದ ಮೂಲ ಅಂಕಗಳನ್ನೇ ತೆಗೆದುಕೊಂಡು, ಕೃಪಾಂಕ, ರೌಂಡಿಂಗ್, ‘ಮೂರರಲ್ಲಿ ಉತ್ತಮ ಎರಡು ಟೆಸ್ಟ್’ ಇವನ್ನೆಲ್ಲ ತೆಗೆದರೆ ಗ್ರೇಡು ಎಷ್ಟಾಗುತ್ತದೆ? ಪರೀಕ್ಷಾ ವಿಭಾಗದವರಿಗೆ ಒಂದು ದಿನದ ಕೆಲಸ. ನಾನು ಹೀಗೆ ಕೇಳಿದ ಒಂದು ಕಡೆ ಏರಿಕೆಯ ದೊಡ್ಡ ಪಾಲು ಇಂಟರ್ನಲ್ ಅಂಕದಲ್ಲೇ ಇತ್ತು. ಲಿಖಿತ ಪರೀಕ್ಷೆಯ ಅಂಕ ಹೆಚ್ಚು ಕಡಿಮೆ ಅಲ್ಲೇ ನಿಂತಿತ್ತು. ಆಮೇಲೆ ಸಭೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಸೂತ್ರದ ಲೆಕ್ಕ ಮುಗಿದ ಮೇಲೂ ಏರಿಕೆ ಉಳಿದರೆ, ಆಗ ಅಧ್ಯಾಪಕರ ಕಡೆ ತಿರುಗಬೇಕು. ಇಲ್ಲಿ ಮುಖ್ಯ ವಿಷಯ ಅಧ್ಯಾಪಕರ ಬಗ್ಗೆ ವಿದ್ಯಾರ್ಥಿಗಳು ತುಂಬಿಕೊಡುವ ಫೀಡ್‌ಬ್ಯಾಕ್ ಫಾರಂ. ನಿಮ್ಮ ಕೆಲಸ ಕಾಯಂ ಆಗುವುದು ಆ ಫಾರಂ ಮೇಲೆ ನಿಂತಿದ್ದರೆ ನೀವು ಬಿಗಿಯಾಗಿ ಅಂಕ ಕೊಡುತ್ತೀರಾ? ನಾನಾದರೂ ಕೊಡುತ್ತಿರಲಿಲ್ಲ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ನಡೆದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಲ್ಲಿ ಯಾವ ವಿದ್ಯಾರ್ಥಿ ಯಾವ ಅಧ್ಯಾಪಕರ ತರಗತಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚುತ್ತಾರೆ, ಪರೀಕ್ಷೆ ಎಲ್ಲರಿಗೂ ಒಂದೇ. ಹೀಗಾಗಿ ಹೋಲಿಕೆ ಶುದ್ಧ. ತಮ್ಮ ಕೋರ್ಸಿನಲ್ಲಿ ಮಕ್ಕಳಿಗೆ ಒಳ್ಳೆಯ ಅಂಕ ಬರುವಂತೆ ಮಾಡಿದ ಅಧ್ಯಾಪಕರಿಗೆ ಒಳ್ಳೆಯ ಫೀಡ್‌ಬ್ಯಾಕ್ ಬಂತು. ಆದರೆ ಅದೇ ಮಕ್ಕಳು ಮುಂದಿನ ಹಂತದ ಕೋರ್ಸುಗಳಲ್ಲಿ ಹಿಂದೆ ಬಿದ್ದರು. ಮುಂದೆ ಚೆನ್ನಾಗಿ ಮಾಡಿದ ಮಕ್ಕಳನ್ನು ತಯಾರು ಮಾಡಿದವರಿಗೆ ಸಿಕ್ಕ ಫೀಡ್‌ಬ್ಯಾಕ್ ಅಷ್ಟಕ್ಕಷ್ಟೆ. ಫಾರಂ ಬೇಡ ಎಂದು ನಾನು ಹೇಳುತ್ತಿಲ್ಲ. ಯಾರು ತರಗತಿಗೆ ತಡವಾಗಿ ಬರುತ್ತಾರೆ, ಯಾರು ಉತ್ತರಪತ್ರಿಕೆ ವಾಪಸ್ ಕೊಡುವುದಿಲ್ಲ ಎಂದು ತಿಳಿಯಲು ಅದು ಒಳ್ಳೆಯದು. ನೌಕರಿ ತೂಗುವ ತಕ್ಕಡಿ ಮಾತ್ರ ಅದಾಗಬಾರದು. ಇದನ್ನು ಬದಲಿಸದೆ ಅಧ್ಯಾಪಕರಿಗೆ ‘ಬಿಗಿಯಾಗಿರಿ’ ಎಂದು ಸುತ್ತೋಲೆ ಕಳಿಸುವುದು ಸುಮ್ನೆ ಕಾಗದ ದಂಡ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ‘ಬಿ’ ಯಾಕೆ ಬಂತು?

1913ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಇಬ್ಬರು ಅಮೆರಿಕನ್ನರು ಒಂದೇ ಒಂದು ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಮೇಷ್ಟ್ರುಗಳಿಗೆ ಕಳಿಸಿದರು. ನೂರಕ್ಕೆ 28ರಿಂದ ಹಿಡಿದು 90ರ ಮೇಲಿನವರೆಗೆ ಅಂಕ ಬಂದವು. ಅದರ ಹಿಂದಿನ ವರ್ಷ ಅವರೇ ಭಾಷಾ ವಿಷಯದ ಪತ್ರಿಕೆಯಲ್ಲಿ ಇದೇ ಪ್ರಯೋಗ ಮಾಡಿದ್ದರು. ಭಾಷೆಯಲ್ಲಿ ಹಾಗಾಗುತ್ತದೆ, ಗಣಿತದಲ್ಲಿ ಆಗುವುದಿಲ್ಲ ಎಂದು ಜನ ಹೇಳಿದ್ದಕ್ಕೆ ಉತ್ತರವಾಗಿ ರೇಖಾಗಣಿತ ಹಿಡಿದರು. ನೂರು ವರ್ಷ ಕಳೆದರೂ ನಮ್ಮ ಸ್ಥಿತಿ ಹೆಚ್ಚು ಬದಲಾಗಿಲ್ಲ.

ನಾನೇ ಒಮ್ಮೆ ಒಂದು ವಿಭಾಗದಲ್ಲಿ ಒಂದೇ ಉತ್ತರದ ಪ್ರತಿಯನ್ನು ಎಂಟು ಜನರಿಗೆ ಕೊಟ್ಟೆ. ಒಬ್ಬರು ಹತ್ತಕ್ಕೆ ನಾಲ್ಕು ಕೊಟ್ಟರು, ಇನ್ನೊಬ್ಬರು ಎಂಟು. ಇಬ್ಬರೂ ಅನುಭವಿಗಳು, ಇಬ್ಬರೂ ಪ್ರಾಮಾಣಿಕರು. ಮಾತಾಡಿಸಿದಾಗ ಗೊತ್ತಾಯಿತು. ಒಬ್ಬರು ಕೊನೆಯ ಉತ್ತರ ತಪ್ಪಾಗಿದೆ ಎಂದು ಅಂಕ ಕಳೆದಿದ್ದರು. ಇನ್ನೊಬ್ಬರು ದಾರಿ ಸರಿಯಾಗಿದೆ, ಕೂಡುವಾಗ ಎಡವಿದ್ದಾನೆ ಎಂದು ಅಂಕ ಉಳಿಸಿದ್ದರು. ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿ ಕೂತವರು. ಈ ಮಾತನ್ನು ಒಂದು ಸಲವೂ ಆಡಿರಲಿಲ್ಲ! ಇಂಥ ವಿಭಾಗಕ್ಕೆ ಶೇ 35ರ ಮಿತಿ ಹಾಕಿದರೆ ಏನಾಗುತ್ತದೆ? ಯಾರ ಕೈಗೆ ಪತ್ರಿಕೆ ಹೋಯಿತು ಎಂಬ ಅದೃಷ್ಟಕ್ಕೆ ಇನ್ನಷ್ಟು ಬಲ ಬರುತ್ತದೆ.

ಹಾಗಾಗಿ ಪಾರದರ್ಶಕತೆ ಅಂತ ಏನು ಹೇಳುತ್ತೀರೋ ಅದು ಮೊದಲು ಶುರುವಾಗಬೇಕಾದ್ದು ಅಧ್ಯಾಪಕರ ನಡುವೆ. ಪರೀಕ್ಷೆ ಮುಗಿದ ಮೇಲೆ, ಮೌಲ್ಯಮಾಪನ ಶುರುವಾಗುವ ಮೊದಲು, ಆರು ಪತ್ರಿಕೆ ಆರಿಸಿ. ಎರಡು ಚೆನ್ನಾಗಿರುವಂಥವು, ಎರಡು ನಡುವಿನವು, ಎರಡು ಗಡಿಯಲ್ಲಿ ನಿಂತವು. ಎಲ್ಲರೂ ಬೇರೆ ಬೇರೆಯಾಗಿ ತಿದ್ದಿ, ಆಮೇಲೆ ಒಟ್ಟಿಗೆ ಕೂತು ಅಂಕ ಹೇಳಿ. ಎಲ್ಲಿ ಅಂತರ ಜಾಸ್ತಿಯೋ ಅಲ್ಲಿ ಮಾತ್ರ ಚರ್ಚೆ. ಒಂದು ಮಧ್ಯಾಹ್ನ ಸಾಕು. ನನ್ನ ಅನುಭವದಲ್ಲಿ ಎರಡನೆಯ ವರ್ಷಕ್ಕೇ ಅಂತರ ಅರ್ಧಕ್ಕರ್ಧ ಇಳಿಯುತ್ತದೆ. ಧಾರಾಳಿಗಳು ತಾವಾಗಿಯೇ ಸ್ವಲ್ಪ ಕೈ ಬಿಗಿ ಮಾಡುತ್ತಾರೆ, ಬಿಗಿಯವರು ಸ್ವಲ್ಪ ಸಡಿಲಿಸುತ್ತಾರೆ. ಯಾರೂ ಯಾರಿಗೂ ಆದೇಶ ಕೊಟ್ಟಿರುವುದಿಲ್ಲ.

ಆಮೇಲೆ ಸ್ಕೀಮ್, ಅಂದರೆ ಉತ್ತರದಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ. ಬಹಳ ಕಡೆ ಸ್ಕೀಮ್ ಬರೆಯುವುದು ಪತ್ರಿಕೆ ತಿದ್ದುವ ಹಿಂದಿನ ರಾತ್ರಿ. ಅದರಲ್ಲಿ ‘ಉತ್ತಮ ವಿಶ್ಲೇಷಣೆ: 5 ಅಂಕ’ ಎಂದಿರುತ್ತದೆ. ಉತ್ತಮ ಎಂದರೇನು? ಇದರ ಬದಲು ಹೀಗೆ ಬರೆಯಬಹುದು: ‘ತನ್ನ ವಾದಕ್ಕೆ ಎದುರಾಗುವ ಒಂದು ಆಕ್ಷೇಪವನ್ನು ಎತ್ತಿ, ಅದಕ್ಕೆ ಪುರಾವೆ ಸಹಿತ ಉತ್ತರ ಕೊಟ್ಟಿದ್ದರೆ 5. ಆಕ್ಷೇಪ ಎತ್ತಿ ಉತ್ತರ ಕೊಡದಿದ್ದರೆ 3. ಒಂದೇ ಬದಿಯ ವಾದ ಮಾತ್ರ ಇದ್ದರೆ 2.’ ಈಗ ವಿದ್ಯಾರ್ಥಿಗೆ ನೀವು ತೋರಿಸಿ ಹೇಳಬಹುದು. ಕೋರ್ಸು ಶುರುವಾದ ವಾರದಲ್ಲೇ ಇದರ ಒಂದು ಮಾದರಿಯನ್ನು, ಹಳೆಯ ವರ್ಷದ ‘ಎ’ ಮತ್ತು ‘ಬಿ’ ಉತ್ತರಗಳ ಜೊತೆ ಹೆಸರು ಅಳಿಸಿ ತರಗತಿಗೆ ಕೊಡಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದ ಮಕ್ಕಳಿಗೆ ಉಪನ್ಯಾಸವೇ ಬೇಕಾಗುವುದಿಲ್ಲ.

ಇಲ್ಲೊಂದು ಹುಷಾರು. ಸ್ಕೀಮನ್ನು ಅರ್ಧ ಅರ್ಧ ಅಂಕದ ಮೂವತ್ತು ಸಾಲು ಮಾಡಿದರೆ ಮಕ್ಕಳು ಆ ಮೂವತ್ತಕ್ಕೂ ಒಂದೊಂದು ವಾಕ್ಯ ಬರೆಯುತ್ತಾರೆ, ನೀವು ಮೂವತ್ತಕ್ಕೂ ಟಿಕ್ ಹಾಕುತ್ತೀರಿ, ಒಟ್ಟು ಓದಿದರೆ ಉತ್ತರದಲ್ಲಿ ಜೀವವೇ ಇರುವುದಿಲ್ಲ. ಗ್ರೇಡು ಮಾತ್ರ ‘ಎ’. ಗ್ರೇಡು ಉಬ್ಬುವುದಕ್ಕೆ ಇದೂ ಒಂದು ದಾರಿ. ನಾಲ್ಕೈದು ಸಾಲು, ಒಂದೊಂದಕ್ಕೂ ಮೂರು ಹಂತ, ಅಷ್ಟು ಸಾಕು.

ತಿದ್ದಿದ ಪತ್ರಿಕೆಯನ್ನು ವಿದ್ಯಾರ್ಥಿ ನೋಡುವಂತಿರಬೇಕು. ಇದರಲ್ಲಿ ಚೌಕಾಸಿಗೆ ಜಾಗ ಇಲ್ಲ. ನೋಡಿದ ಮೇಲೆ ಅಂಕಕ್ಕಾಗಿ ಜಗ್ಗಾಡುತ್ತಾರೆ ಎಂದು ಅಧ್ಯಾಪಕರು ಹೆದರುತ್ತಾರೆ. ಹೆದರಿಕೆ ನ್ಯಾಯವೇ. ಅದಕ್ಕೆ ಮೂರು ಕಟ್ಟಳೆ ಮಾಡಿ. ಆಕ್ಷೇಪ ಬರವಣಿಗೆಯಲ್ಲಿರಬೇಕು, ಸ್ಕೀಮಿನ ಯಾವ ಸಾಲು ತನಗೆ ಸರಿಯಾಗಿ ಅನ್ವಯವಾಗಿಲ್ಲ ಎಂದು ಹೇಳಬೇಕು. ಮರುಮೌಲ್ಯಮಾಪನ ಮಾಡುವವರು ಬೇರೆಯವರಾಗಿರಬೇಕು, ಅವರು ಇಡೀ ಪತ್ರಿಕೆ ಓದಬೇಕು. ಅಂಕ ಏರಬಹುದು, ಇಳಿಯಲೂಬಹುದು ಎಂದು ಮೊದಲೇ ಹೇಳಿರಬೇಕು. ‘ಸರ್, ಒಂದು ಅಂಕದಲ್ಲಿ ಎ ಹೋಯ್ತು’ ಎಂದು ಕಾರಿಡಾರಿನಲ್ಲಿ ಕಾಯುವವರ ಸಾಲು ಈ ಮೂರರಿಂದಲೇ ಕರಗುತ್ತದೆ. ನಿಜವಾಗಿ ಅನ್ಯಾಯ ಆದವರು ಮಾತ್ರ ಉಳಿಯುತ್ತಾರೆ. ಅವರಿಗೆ ನ್ಯಾಯ ಸಿಗಲೇಬೇಕು.

ಇನ್ನು ಅಂಕಿಅಂಶ ಬಹಿರಂಗ ಮಾಡುವ ಮಾತು. ನಿಮ್ಮ ಸಮಿತಿಯ ಎರಡನೆಯ ಗುಂಪಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ಕಥೆ ಹೇಳಿ. ಅಲ್ಲಿನ ಅಧ್ಯಾಪಕರ ಸೆನೆಟ್ 1996ರಲ್ಲಿ ಒಂದು ತೀರ್ಮಾನ ಮಾಡಿತು. ಪ್ರತಿ ಕೋರ್ಸಿನ ಮಧ್ಯಾಂಕವನ್ನು, ಅಂದರೆ ತರಗತಿಯನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಗ್ರೇಡನ್ನು, ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ವಿದ್ಯಾರ್ಥಿಯ ಗ್ರೇಡಿನ ಪಕ್ಕದಲ್ಲಿ ಅಂಕಪಟ್ಟಿಯಲ್ಲೂ ಬರೆಯಬೇಕು. ಎರಡೂ ಒಟ್ಟಿಗೆ ಆಗಿದ್ದರೆ ಚೆನ್ನಾಗಿತ್ತು. ಆಗಲಿಲ್ಲ. ಮಧ್ಯಾಂಕಗಳು 1998ರಿಂದಲೇ ಅಂತರ್ಜಾಲದಲ್ಲಿ ಬಂದವು. ಅಂಕಪಟ್ಟಿಯಲ್ಲಿ ಬರೆಯುವುದು ಶುರುವಾದದ್ದು 2008ರಲ್ಲಿ. ನಡುವಿನ ಹತ್ತು ವರ್ಷ ಏನಾಗಿರಬಹುದು ಊಹಿಸಿ. ಯಾವ ಕೋರ್ಸಿನಲ್ಲಿ ‘ಎ’ ಸುಲಭ ಎಂದು ವಿಶ್ವವಿದ್ಯಾಲಯವೇ ಪಟ್ಟಿ ಮಾಡಿ ಕೊಟ್ಟ ಹಾಗಾಯಿತು! ಮಕ್ಕಳು ಆ ಕಡೆ ಹರಿದರು. ಓದಿನಲ್ಲಿ ಹಿಂದಿದ್ದವರು ಹೆಚ್ಚು ಹರಿದರು. ಗ್ರೇಡು ಇಳಿಸಲೆಂದು ಮಾಡಿದ ಕೆಲಸ ಅದನ್ನು ಇನ್ನಷ್ಟು ಏರಿಸಿತು ಎಂದು 2009ರ ಒಂದು ಅಧ್ಯಯನ ತೋರಿಸಿತು. 2011ರಲ್ಲಿ ಅಂತರ್ಜಾಲದ ಪಟ್ಟಿ ನಿಲ್ಲಿಸಿದರು, ಅಂಕಪಟ್ಟಿಯಲ್ಲಿ ಮಾತ್ರ ಉಳಿಸಿಕೊಂಡರು.

ಯಾರಿಗೆ, ಯಾವಾಗ ತೋರಿಸುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಕೋರ್ಸು ಆರಿಸುವ ಹೊತ್ತಿನಲ್ಲಿ ವಿದ್ಯಾರ್ಥಿಗೆ ಮಧ್ಯಾಂಕ ತೋರಿಸಿದರೆ ಸುಲಭದ ಕೋರ್ಸಿಗೆ ಜಾಹೀರಾತು ಮಾಡಿದ ಹಾಗೆ. ಕೋರ್ಸು ಮುಗಿದ ಮೇಲೆ ಅವನ ಅಂಕಪಟ್ಟಿ ಓದುವವರಿಗೆ ತೋರಿಸಿದರೆ ಕಷ್ಟದ ಕೋರ್ಸಿಗೆ ಗೌರವ ಬರುತ್ತದೆ. ‘ಬಿ ಪ್ಲಸ್, ತರಗತಿಯ ಮಧ್ಯಾಂಕ ಬಿ ಮೈನಸ್, 84 ವಿದ್ಯಾರ್ಥಿಗಳು’ ಎಂದು ಬರೆದಿದ್ದರೆ ಕೆಲಸ ಕೊಡುವವರಿಗೆ ತಕ್ಷಣ ಅರ್ಥವಾಗುತ್ತದೆ. ಡಾರ್ಟ್‌ಮತ್ ಕಾಲೇಜಿನಲ್ಲಿ 1990ರ ದಶಕದಿಂದಲೂ ಮಧ್ಯಾಂಕ ಮತ್ತು ತರಗತಿಯ ಸಂಖ್ಯೆ ಎರಡನ್ನೂ ಅಂಕಪಟ್ಟಿಯಲ್ಲಿ ಕೊಡುತ್ತಾರೆ. ಇದರಿಂದ ಗ್ರೇಡು ಇಳಿದೇಬಿಡುತ್ತದೆ ಎಂದು ಹೇಳಲಾರೆ. ಆದರೆ ಉಬ್ಬಿದ ‘ಎ’ ಉಬ್ಬಿದೆ ಎಂದು ಕಾಣುತ್ತದೆ. ಹತ್ತಕ್ಕಿಂತ ಕಡಿಮೆ ಜನ ಇರುವ ತರಗತಿಗೆ ಮಾತ್ರ ಇದು ಬೇಡ. ಅಷ್ಟು ಸಣ್ಣ ಗುಂಪಿನಲ್ಲಿ ಮಧ್ಯಾಂಕಕ್ಕೆ ಅರ್ಥವೂ ಇಲ್ಲ, ಯಾರಿಗೆ ಎಷ್ಟು ಬಂತು ಎಂದು ಹುಡುಕುವುದೂ ಸುಲಭ.

ಯುರೋಪಿನವರೂ ಸುತ್ತಿ ಬಳಸಿ ಇಲ್ಲಿಗೇ ಬಂದರು. ದೇಶದಿಂದ ದೇಶಕ್ಕೆ ಹೋಗುವ ವಿದ್ಯಾರ್ಥಿಗಳ ಗ್ರೇಡು ಹೋಲಿಸಲು ಅವರ ಹತ್ತಿರ ಒಂದು ಪದ್ಧತಿ ಇತ್ತು. ಪಾಸಾದವರಲ್ಲಿ ಮೊದಲ ಶೇ 10ಕ್ಕೆ ‘ಎ’, ಮುಂದಿನ ಶೇ 25ಕ್ಕೆ ‘ಬಿ’, ಆಮೇಲೆ 30, 25, ಕೊನೆಗೆ 10. ಕಾಗದದ ಮೇಲೆ ಚೆಂದ. ಎಲ್ಲರ ಗ್ರೇಡನ್ನೂ ಈ ಅಚ್ಚಿಗೆ ಹಾಕುವುದು ಕೈಲಾಗದ ಕೆಲಸ ಎಂದು ಗೊತ್ತಾಗಿ 2009ರಲ್ಲಿ ಅದನ್ನು ಬಿಟ್ಟರು. ನಿಮ್ಮ ಗ್ರೇಡು ನೀವೇ ಕೊಡಿ, ಅದನ್ನು ಎಷ್ಟು ಜನಕ್ಕೆ ಕೊಡುತ್ತೀರಿ ಎಂಬ ಕೋಷ್ಟಕ ಮಾತ್ರ ಜೊತೆಗಿಡಿ ಎಂದರು.

ಅಂಕಿಅಂಶದ ಪಂಡಿತರು ಯಾರಾದರೂ ಸಮಿತಿಯಲ್ಲಿದ್ದರೆ ಇನ್ನೊಂದು ಸಲಹೆ ಬಂದೇ ಬರುತ್ತದೆ. ಕೋರ್ಸು ಎಷ್ಟು ಕಷ್ಟ ಎಂದು ಲೆಕ್ಕ ಹಾಕಿ ಪ್ರತಿಯೊಬ್ಬರ ಸರಾಸರಿಯನ್ನು ಸೂತ್ರದಿಂದ ತಿದ್ದಿಬಿಡೋಣ ಎಂದು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವೇಲನ್ ಜಾನ್ಸನ್ ಎಂಬ ಸಂಖ್ಯಾಶಾಸ್ತ್ರಜ್ಞ 1990ರ ದಶಕದಲ್ಲಿ ಇಂಥ ಸೂಚ್ಯಂಕವನ್ನೇ ಮುಂದಿಟ್ಟರು. ಗಣಿತ ಸೊಗಸಾಗಿತ್ತು. ಅಧ್ಯಾಪಕರ ಮಂಡಳಿ 1997ರಲ್ಲಿ ಬೇಡ ಎಂದಿತು. ನಾನಿದ್ದರೂ ಬೇಡ ಎನ್ನುತ್ತಿದ್ದೆ. ‘ನನಗೆ ಬಿ ಯಾಕೆ’ ಎಂಬುದಕ್ಕೆ ಉತ್ತರ ಒಂದು ಸಮೀಕರಣ ಆದರೆ ನಾವು ಹೊರಟ ಜಾಗಕ್ಕೇ ಬಂದು ನಿಂತೆವು.

ಗ್ರೇಡು ಏರಿದ್ದು ಕಲಿಕೆ ಏರಿದ್ದರಿಂದಲೋ ಕೈ ಸಡಿಲಾದ್ದರಿಂದಲೋ ಎಂದು ತಿಳಿಯಲು ಒಂದು ಹಳೆಯ ಉಪಾಯ ಇದೆ, ಯಾರೂ ಬಳಸುವುದಿಲ್ಲ. ಈ ವರ್ಷದ ಇಪ್ಪತ್ತು ಪತ್ರಿಕೆಗಳ ಪ್ರತಿ ತೆಗೆದು ಬೀರುವಿನಲ್ಲಿ ಬೀಗ ಹಾಕಿಡಿ. ನಾಲ್ಕು ವರ್ಷದ ನಂತರ, ಹೆಸರು, ವರ್ಷ, ಹಳೆಯ ಅಂಕ ಯಾವುದೂ ಕಾಣದ ಹಾಗೆ ಮಾಡಿ ಅಂದಿನ ಪತ್ರಿಕೆಗಳ ಜೊತೆ ಬೆರೆಸಿ ತಿದ್ದಿಸಿ. ಹಳೆಯ ‘ಬಿ’ ಈಗ ‘ಎ’ ಆದರೆ ಉತ್ತರ ಸಿಕ್ಕಿತು. ಇದಕ್ಕಿಂತ ಅಗ್ಗದ, ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ನನಗೆ ಗೊತ್ತಿಲ್ಲ. ಪ್ರಶ್ನೆಗಳು ಮಾತ್ರ ಹತ್ತಿರ ಹತ್ತಿರ ಒಂದೇ ಮಟ್ಟದವಾಗಿರಬೇಕು.

ಬೇರೆ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಮೊದಲ ಸೆಮಿಸ್ಟರಿಗೆ ಗ್ರೇಡೇ ಇಲ್ಲದೆ ಪಾಸ್ ಅಷ್ಟೇ ಬರೆಯುವುದು ಒಳ್ಳೆಯ ಉಪಾಯ, ಅಮೆರಿಕದ ಎಂಐಟಿಯಲ್ಲಿ ಹಾಗೆ ಮಾಡುತ್ತಾರೆ, ಹೊಸಬರಿಗೆ ಕಾಲೂರಲು ಸಮಯ ಸಿಗುತ್ತದೆ. ಪ್ಲಸ್ ಮೈನಸ್ ಸೇರಿಸಿ ಮೆಟ್ಟಿಲು ಹೆಚ್ಚು ಮಾಡುವುದರಿಂದ ನನಗೆ ದೊಡ್ಡ ನಿರೀಕ್ಷೆ ಇಲ್ಲ. ಗಡಿ ಹೆಚ್ಚಾದಷ್ಟೂ ಗಡಿ ಜಗಳವೂ ಹೆಚ್ಚು. ಮನೆಯಲ್ಲಿ ಬರೆದು ತರುವ ಅಸೈನ್‌ಮೆಂಟಿಗೆ ಕೊಡುವ ಅಂಕದ ಪಾಲನ್ನು ಈಗ ಯೋಚಿಸಲೇಬೇಕು. ಎಐ ಬರೆದುಕೊಟ್ಟದ್ದಕ್ಕೆ ನೀವು ‘ಎ’ ಕೊಟ್ಟರೆ ಅದು ಯಾರ ‘ಎ’? ಬರೆದು ತಂದ ಮೇಲೆ ಐದು ನಿಮಿಷ ಎದುರು ಕೂರಿಸಿ ಎರಡು ಪ್ರಶ್ನೆ ಕೇಳಿದರೆ ಸಾಕಾಗುತ್ತದೆ.

ಕೊನೆಗೆ ನಿಮ್ಮ ವಿಷಯ. ನೀವು ಕಿರಿಯರು, ಕೆಲಸ ಕಾಯಂ ಆಗಿಲ್ಲ. ಮೊದಲ ಸಭೆಯಲ್ಲೇ ಶೇ 35ರ ಮಿತಿಯನ್ನು ಎದುರು ಹಾಕಿಕೊಳ್ಳಬೇಡಿ. ಅದು ಒಬ್ಬ ಹಿರಿಯರ ಪ್ರತಿಷ್ಠೆಯ ವಿಷಯ ಆಗಿರುವ ಸಾಧ್ಯತೆ ಜಾಸ್ತಿ. ‘ಮಿತಿ ಎಷ್ಟು ಎಂದು ತೀರ್ಮಾನಿಸುವ ಮೊದಲು ನಮ್ಮ ಕೈಗಳು ಎಷ್ಟು ಹೊಂದುತ್ತವೆ ನೋಡೋಣವೇ ಸರ್’ ಎಂದು ಕೇಳಿ. ನಾಲ್ಕು ಉತ್ತರಗಳ ಪ್ರತಿ ತೆಗೆದುಕೊಂಡು ಹೋಗಿ. ಸಮಿತಿಯವರೆಲ್ಲ ಅಲ್ಲೇ ಕೂತು ತಿದ್ದಲಿ, ಅಂಕವನ್ನು ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಕೊಡಲಿ. ಚೀಟಿಗಳನ್ನು ನೀವು ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ನೀವೇನೂ ಹೇಳಬೇಕಾಗಿಲ್ಲ, ಅವರೇ ಮಾತಾಡುತ್ತಾರೆ. ಪತ್ರಿಕೆ ಬೇರೆ ವರ್ಷದ್ದಾಗಿರಲಿ, ಆ ಸಭೆಯಲ್ಲಿರುವ ಯಾರೂ ತಿದ್ದಿದ್ದಾಗಿರದಿರಲಿ. ಮತ್ತೆ, ಜೆರಾಕ್ಸ್ ಮಾಡಿಸುವಾಗ ಹಳೆಯ ಅಂಕ, ಕೆಂಪು ಗುರುತು ಎಲ್ಲ ಮುಚ್ಚಿಸಿ. ನಾನು ಒಂದು ಸಲ ಅದನ್ನು ಮರೆತಿದ್ದೆ. ಮೊದಲಿನವರು ಏಳು ಕೊಟ್ಟಿದ್ದರು. ಹತ್ತು ಜನರ ಚೀಟಿ ಬಿಚ್ಚಿದರೆ ಆರೂವರೆ, ಏಳು, ಏಳೂವರೆ ಬಿಟ್ಟು ಬೇರೇನೂ ಇರಲಿಲ್ಲ. ‘ನೋಡಿದ್ರಾ ಮೇಡಂ, ನಮ್ಮಲ್ಲಿ ಎಲ್ಲ ಸರಿಯಾಗೇ ಇದೆ’ ಎಂದು ಅಧ್ಯಕ್ಷರು ಸಭೆ ಮುಗಿಸಿಬಿಟ್ಟರು.